ಹಿರೇಮದ್ದಿಗೊಂದು ಟಾನಿಕ್

ಟಾನಿಕ್ ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ನನಗಂತೂ ಪರೀಕ್ಷೆ ಹತ್ತಿರ ಬಂದಾಗ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ಕಂದು ಬಣ್ಣದ ದ್ರವ. ಅದರಿಂದ ಮಾರ್ಕ್ಸ್ ಜಾಸ್ತಿ ಬಂತೋ ಇಲ್ಲವೋ ದೇವರಿಗೇ ಗೊತ್ತು, ಒಂದೆರಡು ಅಂಗಿ ಮಾತ್ರ ಕಲೆಯಾಗಿ ಹಾಳಾದವು :)

ಆದರೆ ಹಳ್ಳಿಯ ಗೊಬ್ಬರದಂಗಡಿಗೆ ಹೋಗಿ ಟಾನಿಕ್ ಅನ್ನಿ, ಅಲ್ಲಿ ಅದರ ಅರ್ಥವೇ ಬೇರೆ. ಗೊಬ್ಬರವೂ ಅಲ್ಲದ, ಹುಳುವಿನ ಔಷಧಿಯೂ ಅಲ್ಲದ ಎಲ್ಲವೂ ಟಾನಿಕ್ಕೇ. ಸಮುದ್ರದ ಪಾಚಿಯ ರಸ ಟಾನಿಕ್, ಅಮೈನೋ ಆಸಿಡ್ ಟಾನಿಕ್, ಹ್ಯೂಮಿಕ್ ಆಸಿಡ್ ಟಾನಿಕ್, ಸಸ್ಯ ಹಾರ್ಮೋನ್ ಕೂಡ ಟಾನಿಕ್. ಬಾಟಲಿ ಮೇಲೆ ಹಚ್ಚ ಹಸಿರು ಬೆಳೆ, ಪಕ್ಕದಲ್ಲಿ ನಗುವ ರೈತ. (ನಗುವ ರೈತನನ್ನು ಬಾಟಲಿ ಮೇಲೆ ಬಿಟ್ಟು ಬೇರೆಲ್ಲೂ ನೋಡೋದು ಕಷ್ಟ, ಅದು ಬೇರೆ ಮಾತು.)

ಈ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸಿನ ರಿಲೀಸು ಅಂತ ನೆಪ ಹೇಳಬಹುದು, ಆದರೆ ನಿಜವಾದ ಕಾರಣ ಈ ಟಾನಿಕ್ಕು. ಕಳೆದ ಮುಂಗಾರಿನಿಂದ ಸಮಯ ಸಿಕ್ಕಾಗಲೆಲ್ಲ ಸಸ್ಯ ಹಾರ್ಮೋನುಗಳ ಬಗ್ಗೆ ಓದುತ್ತಾ ಕೂತಿದ್ದೇನೆ. ಕಂಪ್ಯೂಟರ್ ಓದಿದವನಿಗೆ ಇದ್ಯಾಕೆ ಬೇಕಿತ್ತು ಅಂತೀರಾ? ಎಲ್ಲದಕ್ಕೂ ನಮ್ಮ ಮಾಮ ಕಾರಣ.

ನಮ್ಮ ಸೋದರಮಾವನದು ಚಳ್ಳಕೆರೆ ಸೀಮೆ. ಮಳೆ ಬಂದರೆ ಶೇಂಗಾ, ಬರದಿದ್ದರೆ ಸಾಲ. ನಾಲ್ಕು ವರ್ಷದ ಹಿಂದೆ ಒಬ್ಬ ಏಜೆಂಟ್ ಊರಿಗೆ ಬಂದು 'ಅಶ್ವಗಂಧ ಹಾಕಿ, ಬೇರನ್ನು ನಾವೇ ಕೊಳ್ಳುತ್ತೇವೆ' ಅಂದ. ನಮ್ಮ ಕಡೆ ಅದಕ್ಕೆ ಹಿರೇಮದ್ದು ಅಂತಲೇ ಹೆಸರು. ಹೊಲದ ಬದುವಿನಲ್ಲಿ ತಾನೇ ಬೆಳೆಯುವ ಗಿಡ, ತೆಳು ಕಾಗದದಂಥ ಬುರುಡೆಯೊಳಗೆ ಕೆಂಪು ಹಣ್ಣು, ಹಸಿ ಬೇರು ಮುರಿದರೆ ಕುದುರೆಯ ವಾಸನೆ. ಹೆಚ್ಚು ನೀರು ಕೇಳಲ್ಲ, ಗೊಬ್ಬರ ಕೇಳಲ್ಲ, ಐದಾರು ತಿಂಗಳಿಗೆ ಬೇರು ಬರುತ್ತೆ. ಮಾಮ ಎರಡು ಎಕರೆ ಹಾಕಿದ. ಮೊದಲೆರಡು ವರ್ಷ ಪರವಾಗಿಲ್ಲ. ಮೂರನೇ ವರ್ಷ ಬೇರನ್ನೆಲ್ಲ ಕಿತ್ತು, ತೊಳೆದು, ಕತ್ತರಿಸಿ, ಒಣಗಿಸಿ ಚೀಲ ಕಟ್ಟಿದ ಮೇಲೆ ಏಜೆಂಟ್ ಹೇಳಿದ್ದು ಒಂದೇ ಮಾತು: 'ಅಂಶ ಕಮ್ಮಿ ಬಂದಿದೆ ಗೌಡ್ರೆ, ರೇಟು ಇಷ್ಟೇ.' ಯಾವ ಅಂಶ, ಎಷ್ಟಿರಬೇಕಿತ್ತು, ಎಷ್ಟು ಬಂತು, ಯಾರು ನೋಡಿದರು? ಒಂದು ಚೀಟಿಯೂ ಇಲ್ಲ. ಮಗಳ ಪಿಯುಸಿ ಫೀಸು ಆ ಚೀಲಗಳಲ್ಲಿತ್ತು. ಮಾಮ ಕೊಟ್ಟ ರೇಟಿಗೆ ಕೊಟ್ಟು ಬಂದ.

ಆಮೇಲೆ ಗೊಬ್ಬರದಂಗಡಿಯವನು ಪರಿಹಾರ ಹೇಳಿದ. 'ರೇಟು ಕಮ್ಮಿಯಾದ್ರೆ ತೂಕ ಜಾಸ್ತಿ ಮಾಡು. ಈ ಟಾನಿಕ್ ಹೊಡಿ.' ಮಾಮ ಬಾಟಲಿಯ ಫೋಟೋ ತೆಗೆದು ನನಗೆ ಕಳಿಸಿ ಫೋನ್ ಮಾಡಿದ.

"ಅಳಿಯಾ, ನೀನು ಇಂಜಿನಿಯರ್ ಅಲ್ವೇನೋ? ಇದು ಹೊಡೀಬಹುದಾ ಬ್ಯಾಡ್ವಾ ಹೇಳು."

"ಮಾಮ, ನಾನು ಸಾಫ್ಟ್‌ವೇರ್ ಇಂಜಿನಿಯರ್ ಕಣೋ."

"ಅದೇ ಕಣಲೇ, ಇಂಜಿನಿಯರ್ರೇ ತಾನೇ?"

ನಮ್ಮ ಮನೆಗಳಲ್ಲಿ ಇಂಜಿನಿಯರ್ ಅಂದ್ರೆ ಹಾಗೇ. ಟಿವಿ ರಿಮೋಟ್, ಪಾಸ್‌ಪೋರ್ಟ್ ಅರ್ಜಿ, ಬೋರ್‌ವೆಲ್ ಮೋಟಾರು, ಎಲ್ಲದಕ್ಕೂ ನಾವೇ. ಇರಲಿ, ಫೋಟೋ ದೊಡ್ಡದು ಮಾಡಿ ನೋಡಿದೆ. ಚಿಕ್ಕ ಅಕ್ಷರದಲ್ಲಿತ್ತು: ಜಿಬ್ಬರೆಲಿಕ್ ಆಸಿಡ್, ಶೇ. 0.001. ಕೆಳಗೆ ಯಾವ ಯಾವ ಬೆಳೆಗೆ ಅಂತ ಪಟ್ಟಿ: ಭತ್ತ, ಹತ್ತಿ, ಶೇಂಗಾ, ಟೊಮ್ಯಾಟೊ, ದ್ರಾಕ್ಷಿ... ಹಿರೇಮದ್ದು ಎಲ್ಲೂ ಇಲ್ಲ.

ಶೇ. 0.001 ಅಂದ್ರೆ ಒಂದು ಲೀಟರಿನಲ್ಲಿ ಹತ್ತು ಮಿಲಿಗ್ರಾಂ. ಅದನ್ನೂ ಮತ್ತೆ ಟ್ಯಾಂಕಿನ ನೀರಿಗೆ ಬೆರೆಸಿ ಹೊಡೀಬೇಕು. ಇಷ್ಟು ಚಿಟಿಕೆಯಲ್ಲಿ ಏನಾಗುತ್ತೆ ಅಂತ ನಿಮಗನ್ನಿಸಬಹುದು. ಇಲ್ಲೇ ಇರೋದು ಮಜಾ. ಹಾರ್ಮೋನು ಗಿಡಕ್ಕೆ ಊಟ ಅಲ್ಲ, ಸುದ್ದಿ. ಯೂರಿಯಾ ಹಾಕಿದರೆ ಅದು ಎಲೆಯೊಳಗೆ ಸೇರಿ ಎಲೆಯೇ ಆಗುತ್ತೆ. ಹಾರ್ಮೋನ್ ಹಾಗಲ್ಲ, 'ಉದ್ದ ಬೆಳಿ', 'ಬೇರು ಬಿಡು', 'ಎಲೆ ಉದುರಿಸು' ಅಂತ ಹೇಳಿ ಹೋಗುವ ಡಂಗುರದವನು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಾನ್ಫಿಗ್ ಫೈಲಿನಲ್ಲಿ ಒಂದು ಸೊನ್ನೆಯನ್ನು ಒಂದು ಮಾಡಿದ ಹಾಗೆ. ಬದಲಾಗಿದ್ದು ಒಂದಕ್ಷರ, ಓಡೋ ಪ್ರೋಗ್ರಾಮೇ ಬೇರೆ.

(ಅಂದಹಾಗೆ ಹಾರ್ಮೋನ್ ಅಂದ ಕೂಡಲೇ ಕುಂಬಳಕಾಯಿಗೆ ಇಂಜೆಕ್ಷನ್ ಕೊಡ್ತಾರಂತೆ ಅಂತ ಬರುವ ವಾಟ್ಸಾಪ್ ವಿಡಿಯೋಗಳನ್ನು ನೆನಪಿಸಿಕೊಳ್ಳಬೇಡಿ. ಅದರಲ್ಲಿ ಹೇಳುವ ಆಕ್ಸಿಟೋಸಿನ್ ಹಸು, ಎಮ್ಮೆ, ಮನುಷ್ಯರ ಹಾರ್ಮೋನು. ಗಿಡದ ಹಾರ್ಮೋನುಗಳ ಕುಲವೇ ಬೇರೆ.)

ಈ ಸುದ್ದಿಗಾರರನ್ನು ಕಂಡುಹಿಡಿದ ಕಥೆ ಓದುತ್ತಾ ಹೋದರೆ ಪತ್ತೇದಾರಿ ಕಾದಂಬರಿ ಓದಿದ ಹಾಗಾಗುತ್ತೆ. ವಿಕಾಸವಾದದ ಡಾರ್ವಿನ್ ಮುದುಕನಾದ ಮೇಲೆ ಮಗ ಫ್ರಾನ್ಸಿಸ್ ಜೊತೆ ಕೂತು ಹುಲ್ಲಿನ ಮೊಳಕೆಗಳಿಗೆ ಟೋಪಿ ಹಾಕಿ ನೋಡಿದ. ತುದಿ ಮುಚ್ಚಿದರೆ ಮೊಳಕೆ ಬೆಳಕಿನ ಕಡೆ ಬಾಗಲ್ಲ! ನೋಡೋದು ತುದಿ, ಬಾಗೋದು ಕೆಳಗೆ, ಅಂದಮೇಲೆ ನಡುವೆ ಏನೋ ಸುದ್ದಿ ಇಳಿದು ಬರುತ್ತಿರಬೇಕು ಅಂತ 1880ರಲ್ಲಿ ಬರೆದ. ಆ ಸುದ್ದಿಯನ್ನು 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಅಗಾರ್ ತುಂಡಿನೊಳಗೆ ಹಿಡಿದಿಟ್ಟ. ಅದೇ ಆಕ್ಸಿನ್. ನರ್ಸರಿಯಲ್ಲಿ ಕಡ್ಡಿಯ ಬುಡಕ್ಕೆ ಹಚ್ಚುವ ಬೇರಿನ ಪುಡಿಯಲ್ಲಿ ಇರೋದು ಇದರ ಬಳಗದ್ದೇ.

ಜಿಬ್ಬರೆಲಿನ್ ಕಥೆ ಇನ್ನೂ ಚೆನ್ನಾಗಿದೆ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಇದ್ದಕ್ಕಿದ್ದಂತೆ ಉಳಿದವಕ್ಕಿಂತ ಎತ್ತರಕ್ಕೆ, ಸಪೂರಕ್ಕೆ ಬೆಳೆದು, ಕಾಳು ಕಟ್ಟದೆ ಬಿದ್ದು ಹೋಗುತ್ತಿದ್ದವು. ರೈತರು ಅದಕ್ಕೆ ಇಟ್ಟ ಹೆಸರು 'ಬಕಾನೆ', ಅಂದ್ರೆ ಪೆದ್ದ ಸಸಿ. ಆಗ ಜಪಾನಿನ ಕೈಯಲ್ಲಿದ್ದ ತೈವಾನಿನಲ್ಲಿ ಎಯಿಚಿ ಕುರೊಸಾವಾ ಎಂಬ ವಿಜ್ಞಾನಿ 1926ರಲ್ಲಿ ಇದಕ್ಕೆ ಕಾರಣ ಒಂದು ಶಿಲೀಂಧ್ರ ಬಿಡುವ ರಸ ಅಂತ ತೋರಿಸಿದ. 1935ರಲ್ಲಿ ಯಾಬುತಾ ಆ ರಸದ ಸತ್ವಕ್ಕೆ ಜಿಬ್ಬರೆಲಿನ್ ಅಂತ ಹೆಸರಿಟ್ಟ. ಆಮೇಲೆ ಗೊತ್ತಾಗಿದ್ದು, ಅದನ್ನು ಗಿಡಗಳೂ ತಮ್ಮೊಳಗೆ ತಯಾರಿಸಿಕೊಳ್ಳುತ್ತವೆ ಅಂತ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು 'ಜಿಎ' ಅಂತ ಗೊನೆಗಳನ್ನು ಅದ್ದುತ್ತಾರಲ್ಲ, ಅದು ಇದೇ. ಬೀಜವಿಲ್ಲದ ದ್ರಾಕ್ಷಿ ದಪ್ಪ ಆಗೋದಕ್ಕೆ ಅದು ಬೇಕು, ಯಾಕೆಂದರೆ ಹಣ್ಣಿಗೆ 'ಹಿಗ್ಗು' ಅಂತ ಹೇಳಬೇಕಾದ ಬೀಜವೇ ಅದರಲ್ಲಿ ಬೆಳೆದಿರಲ್ಲ.

ಎಥಿಲೀನ್ ಅಂತೂ ಅನಿಲ. 1901ರಲ್ಲಿ ರಷ್ಯಾದ ನೆಲ್ಯುಬೋವ್ ತನ್ನ ಪ್ರಯೋಗಶಾಲೆಯ ಬಟಾಣಿ ಸಸಿಗಳು ಯಾಕೆ ಸೊಟ್ಟಗೆ ಬೆಳೀತವೆ ಅಂತ ಹುಡುಕಿ, ದೀಪದ ಗ್ಯಾಸಿನಲ್ಲಿದ್ದ ಎಥಿಲೀನ್ ಕಾರಣ ಅಂತ ಕಂಡುಕೊಂಡ. ನಮ್ಮಜ್ಜಿ ಮಾವಿನಕಾಯನ್ನು ಹುಲ್ಲಿನಲ್ಲಿ ಅಡೆ ಹಾಕುವಾಗ ಕಾಯಿ ಬಿಡುವ ಇದೇ ಅನಿಲವನ್ನು ಹುಲ್ಲು ಹಿಡಿದಿಡುತ್ತಿತ್ತು. ಅಜ್ಜಿಗೆ ನೆಲ್ಯುಬೋವ್ ಗೊತ್ತಿರಲಿಲ್ಲ ಅಷ್ಟೇ. ಇನ್ನು ಸೈಟೊಕೈನಿನ್ ಬಳಗದ ಕೈನೆಟಿನ್ ಸಿಕ್ಕಿದ್ದು 1955ರಲ್ಲಿ, ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯನ್ನು ಬೇಯಿಸಿದಾಗ! ಎರಡು ವರ್ಷದ ಮೇಲೆ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಜೀವಕೋಶಗಳ ಮುದ್ದೆಯಲ್ಲಿ ತೋರಿಸಿದರು: ಆಕ್ಸಿನ್ ಹೆಚ್ಚು, ಸೈಟೊಕೈನಿನ್ ಕಮ್ಮಿ ಕೊಟ್ಟರೆ ಬೇರು, ಅದನ್ನೇ ತಿರುಗಿಸಿದರೆ ಚಿಗುರು. ಇವತ್ತಿನ ಅಂಗಾಂಶ ಕೃಷಿಯ ಬಾಳೆ ಸಸಿಗಳೆಲ್ಲ ನಿಂತಿರೋದು ಈ ಲೆಕ್ಕದ ಮೇಲೆ.

ಸರಿ, ಇದೆಲ್ಲ ಬೆಳವಣಿಗೆಯ ಮಾತಾಯ್ತು. ಮಾಮನ ಹೊಲದಲ್ಲಿರೋದು ಭತ್ತ ಅಲ್ಲ, ಮದ್ದು. ಇಲ್ಲಿಂದ ಕಥೆ ತಿರುಗುತ್ತೆ.

ಒಂದು ಪ್ರಶ್ನೆ ಕೇಳ್ತೀನಿ. ಔಷಧಿ ಗಿಡದಲ್ಲಿ ಔಷಧಿ ಯಾಕಿರುತ್ತೆ? ನಮ್ಮ ಕೆಮ್ಮು ವಾಸಿಯಾಗಲಿ ಅಂತ ಯಾವ ಗಿಡವೂ ರಾತ್ರಿ ನಿದ್ದೆಗೆಡಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ಆಡೂ ಮುಟ್ಟದ ಸೊಪ್ಪೊಂದಿದೆ, ಆಡುಸೋಗೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಕಹಿ ಆಡನ್ನು ದೂರ ಇಡುತ್ತೆ. ಅದೇ ಕಹಿಯನ್ನು ಮಾದರಿಯಾಗಿಟ್ಟುಕೊಂಡು ಮಾಡಿದ ಬ್ರೋಮ್‌ಹೆಕ್ಸಿನ್ ಇವತ್ತು ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿದೆ. ಅಂದ್ರೆ ನಾವು ಮದ್ದು ಅನ್ನೋದು ಗಿಡದ ಕಣ್ಣಲ್ಲಿ ಆಯುಧ. ಆಡು, ಹುಳು, ಬೂಷ್ಟು, ಉರಿಬಿಸಿಲು ಇವುಗಳ ಜೊತೆ ಗುದ್ದಾಡಲು ಮಾಡಿಕೊಂಡ ಸರಕು.

ಆಯುಧ ಮಾಡೋಕೆ ಖರ್ಚಾಗುತ್ತೆ. ಗಿಡಕ್ಕೆ ಬರುವ ಸಂಬಳ ಒಂದೇ, ಬಿಸಿಲಿನಿಂದ ಮಾಡಿದ ಸಕ್ಕರೆ. ಅದರಲ್ಲಿ ಮನೆ ಕಟ್ಟಬೇಕೋ, ಕಾವಲುಗಾರನನ್ನು ಇಡಬೇಕೋ? ಎರಡಕ್ಕೂ ಒಂದೇ ಗಲ್ಲಾಪೆಟ್ಟಿಗೆ. ಹಿರೇಮದ್ದಿನ ಗುಣ ಇರೋದು ವಿಥನೊಲೈಡ್ ಎಂಬ ಬಳಗದಲ್ಲಿ ಅಂತಾರೆ. ಅದೂ ಜಿಬ್ಬರೆಲಿನ್ನೂ ಶುರುವಾಗೋದು ಒಂದೇ ತರಹದ ಐದು ಇಂಗಾಲದ ಇಟ್ಟಿಗೆಗಳಿಂದ. ಮುಂದೆ ದಾರಿ ಕವಲೊಡೆಯುತ್ತೆ ಅಷ್ಟೇ.

ಕಾವಲುಗಾರರನ್ನು ಎಬ್ಬಿಸುವ ಹಾರ್ಮೋನ್ ಬೇರೆ ಇದೆ, ಜಾಸ್ಮೊನೇಟ್. ಹೆಸರಲ್ಲೇ ಮಲ್ಲಿಗೆ ಇದೆ ನೋಡಿ. 1962ರಲ್ಲಿ ಜಾಜಿ ಹೂವಿನ ಎಣ್ಣೆಯಿಂದ ಮೀಥೈಲ್ ಜಾಸ್ಮೊನೇಟನ್ನು ಬೇರ್ಪಡಿಸಿದಾಗ ಅದೊಂದು ಸುಗಂಧ ಅಷ್ಟೇ ಆಗಿತ್ತು. ಹುಳು ಎಲೆ ಕಡಿದಾಗ ಗಿಡ ಕೂಗುವ ಕೂಗು ಇದೇ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. 1990ರಲ್ಲಿ ಫಾರ್ಮರ್ ಮತ್ತು ರಯಾನ್ ಒಂದು ಮುಚ್ಚಿದ ಡಬ್ಬದಲ್ಲಿ ಟೊಮ್ಯಾಟೊ ಗಿಡದ ಪಕ್ಕ ಸೇಜ್‌ಬ್ರಷ್ ಎಂಬ ಪೊದೆಯ ರೆಂಬೆ ಇಟ್ಟರು. ಆ ರೆಂಬೆಯಿಂದ ಗಾಳಿಯಲ್ಲಿ ಬಂದ ಮೀಥೈಲ್ ಜಾಸ್ಮೊನೇಟಿಗೇ ಟೊಮ್ಯಾಟೊ ಹೆದರಿ, ಹುಳುವಿನ ಹೊಟ್ಟೆ ಕೆಡಿಸುವ ಪ್ರೋಟೀನ್ ತಯಾರಿಸತೊಡಗಿತು. ಅಲ್ಲಿ ಒಂದು ಹುಳವೂ ಇರಲಿಲ್ಲ!

ಇದರಿಂದ ವಿಜ್ಞಾನಿಗಳಿಗೆ ಆಸೆ ಹುಟ್ಟಿತು. ಹುಳು ಇಲ್ಲದೆಯೇ ಹುಳು ಬಂತೆಂದು ಕೂಗಿದರೆ ಗಿಡ ಮದ್ದು ಜಾಸ್ತಿ ಮಾಡುತ್ತಾ? ಮಾಡುತ್ತೆ. ನಮ್ಮ ಮನೆಯಂಗಳದ ನಿತ್ಯಪುಷ್ಪ ಗೊತ್ತಲ್ಲ, ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಬರೋದು ಅದರಿಂದ. ಅದರ ಕೋಶಗಳಿಗೆ ಜಾಸ್ಮೊನೇಟ್ ಕೊಟ್ಟರೆ ಈ ಬಳಗದ ಆಲ್ಕಲಾಯ್ಡ್‌ಗಳನ್ನು ಮಾಡುವ ಜೀನುಗಳು ಎದ್ದು ಕೂರುತ್ತವೆ. ಅವನ್ನು ಎಬ್ಬಿಸುವ ಒಂದು ಮುಖ್ಯ ಸ್ವಿಚ್ಚನ್ನು 2000ದಲ್ಲಿ ಹಾಲೆಂಡಿನವರು ಗುರುತಿಸಿ ಓರ್ಕಾ-3 ಅಂತ ಹೆಸರಿಟ್ಟರು. ಅದೇ ಕೋಶಗಳಿಗೆ 2,4-ಡಿ ಕೊಟ್ಟರೆ ಕೋಶಗಳು ಸೊಗಸಾಗಿ ಬೆಳೀತವೆ, ಆದರೆ ಆಲ್ಕಲಾಯ್ಡ್ ಕುಸಿದು ಬೀಳುತ್ತೆ. (2,4-ಡಿ ಅಂದ್ರೆ ನಮ್ಮ ರೈತರು ಕಳೆ ಸಾಯಿಸಲು ಹೊಡೆಯುವುದೇ! ಅದೂ ಒಂದು ಕೃತಕ ಆಕ್ಸಿನ್. ಚಿಟಿಕೆಯಲ್ಲಿ ಬೆಳೆಸುತ್ತೆ, ಹಿಡಿಯಲ್ಲಿ ಕೊಲ್ಲುತ್ತೆ.) ನಾವು ತಂಬುಳಿ ಮಾಡೋ ಒಂದೆಲಗದಲ್ಲೂ ಹೀಗೇ. ಕೊರಿಯಾದವರು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಒಂದೆಲಗಕ್ಕೆ ಮೀಥೈಲ್ ಜಾಸ್ಮೊನೇಟ್ ಕೊಟ್ಟಾಗ ಏಶಿಯಾಟಿಕೊಸೈಡ್ ಏರಿತು, ಆದರೆ ಗಿಡ ಕುಗ್ಗಿತು. ಹಿರೇಮದ್ದಿನ ಬೇರುಗಳನ್ನೇ ಫ್ಲಾಸ್ಕಿನಲ್ಲಿ ಬೆಳೆಸಿ ಜಾಸ್ಮೊನೇಟ್, ಸ್ಯಾಲಿಸಿಲಿಕ್ ಆಸಿಡ್ ಕೊಟ್ಟು ವಿಥನೊಲೈಡ್ ಹೆಚ್ಚಿಸಿದ್ದನ್ನು ನಮ್ಮ ದೇಶದವರೇ ಪ್ರಕಟಿಸಿದ್ದಾರೆ.

ಹಾಗಾದ್ರೆ ಬೆಳವಣಿಗೆಯ ಜಿಬ್ಬರೆಲಿನ್ನಿಗೂ ಕಾವಲಿನ ಜಾಸ್ಮೊನೇಟಿಗೂ ಏನು ಸಂಬಂಧ? ನನ್ನಂಥ ಪ್ರೋಗ್ರಾಮರ್‌ಗೆ ಅತ್ಯಂತ ಖುಷಿ ಕೊಟ್ಟ ಭಾಗ ಇದು, ಸ್ವಲ್ಪ ಸಹಿಸಿಕೊಳ್ಳಿ. ಗಿಡದೊಳಗೆ ಡೆಲ್ಲಾ ಎಂಬ ಪ್ರೋಟೀನ್ ಇದೆ. ಅದು ಬ್ರೇಕು, ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತೆ. ಜಿಬ್ಬರೆಲಿನ್ ಬಂದ ಕೂಡಲೇ ಡೆಲ್ಲಾ ನಾಶವಾಗುತ್ತೆ, ಗಿಡ ಉದ್ದ ಆಗುತ್ತೆ. (ಹಸಿರು ಕ್ರಾಂತಿಯ ಗಿಡ್ಡ ಗೋಧಿಯಲ್ಲಿ ಆಗಿದ್ದು ಇದರ ತದ್ವಿರುದ್ಧ. ಅದರ ಡೆಲ್ಲಾ ಜಿಬ್ಬರೆಲಿನ್ ಮಾತು ಕೇಳಲ್ಲ, ಹಾಗಾಗಿ ಗಿಡ ಗಿಡ್ಡ, ತೆನೆ ಭಾರ ಆದರೂ ಬೀಳಲ್ಲ.) ಇನ್ನೊಂದು ಕಡೆ ಜಾಜ್ ಎಂಬ ಪ್ರೋಟೀನುಗಳು ಕಾವಲುಗಾರರನ್ನು ಕೋಣೆಯೊಳಗೆ ಕೂಡಿ ಹಾಕಿರುತ್ತವೆ. ಜಾಸ್ಮೊನೇಟ್ ಬಂದಾಗ ಜಾಜ್ ನಾಶ, ಕಾವಲುಗಾರರು ಹೊರಗೆ. ಈ ಎರಡು ದಾರಿಗಳು ಸೇರುವ ಕೂಡುರಸ್ತೆ 2010ರಲ್ಲಿ ಗೊತ್ತಾಯ್ತು: ಡೆಲ್ಲಾ ಹೋಗಿ ಜಾಜ್ ಅನ್ನು ಹಿಡಿದುಕೊಳ್ಳುತ್ತೆ! ಅಂದ್ರೆ ಡೆಲ್ಲಾ ಇದ್ದಷ್ಟೂ ಕಾವಲುಗಾರರು ಸ್ವಲ್ಪ ಸಡಿಲ. ಹೊರಗಿಂದ ಜಿಬ್ಬರೆಲಿನ್ ಸುರಿದು ಡೆಲ್ಲಾವನ್ನು ತೆಗೆದರೆ, ಜಾಜ್ ಕೈ ಬಿಡಿಸಿಕೊಂಡು ಕಾವಲುಗಾರರನ್ನು ಮತ್ತೆ ಒಳಗೆ ದಬ್ಬುತ್ತೆ.

ಇಷ್ಟು ಓದಿದ ಮೇಲೆ 'ಮಾಮ, ಟಾನಿಕ್ ಹೊಡೆದರೆ ಮದ್ದು ಕಮ್ಮಿಯಾಗುತ್ತೆ' ಅಂತ ಫೋನ್ ಮಾಡಿ ಹೇಳಬಹುದಿತ್ತು. ಆದರೆ ಈ ಕೂಡುರಸ್ತೆ ಕಂಡಿದ್ದು ಪ್ರಯೋಗಶಾಲೆಯ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ. ಎಲ್ಲ ಗಿಡಕ್ಕೂ ಒಂದೇ ಕಾನೂನಿಲ್ಲ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಇದೆಯಲ್ಲ (ಇದಕ್ಕೇ ಚೀನಾದ ತು ಯುಯು ಅವರಿಗೆ 2015ರ ನೊಬೆಲ್ ಬಂದಿದ್ದು), ಅದರ ಗಿಡಕ್ಕೆ ಜಿಬ್ಬರೆಲಿನ್ ಕೊಟ್ಟಾಗ ಮದ್ದು ಹೆಚ್ಚಾದ ವರದಿಗಳೇ ಇವೆ. ಯಾಕೆಂದರೆ ಅಲ್ಲಿ ಮದ್ದು ತಯಾರಾಗೋದು ಎಲೆಯ ಮೇಲಿನ ಸಣ್ಣ ರೋಮದಂಥ ಗ್ರಂಥಿಗಳಲ್ಲಿ. ಹಾರ್ಮೋನ್ ಆ ಗ್ರಂಥಿಗಳನ್ನು ಹೆಚ್ಚಿಸಿದರೆ ಮದ್ದೂ ಹೆಚ್ಚು. ಹಾಗಾಗಿ 'ಹಾರ್ಮೋನ್ ಒಳ್ಳೆಯದಾ ಕೆಟ್ಟದ್ದಾ' ಅನ್ನೋ ಪ್ರಶ್ನೆಗೇ ಅರ್ಥವಿಲ್ಲ. ಯಾವ ಹಾರ್ಮೋನು, ಯಾವ ಗಿಡ, ಯಾವ ಭಾಗ, ಯಾವಾಗ, ಎಷ್ಟು ಅಂತ ಐದು ಪ್ರಶ್ನೆ ಕೇಳಬೇಕು.

ಇನ್ನೊಂದು ಕಡೆ ಹಾರ್ಮೋನೇ ಗಿಡಗಳನ್ನು ಉಳಿಸುತ್ತಿದೆ. ಶ್ರೀಗಂಧದ ಬೀಜ ಮೊಳೆಯೋದು ಬಹಳ ನಿಧಾನ, ಬಿತ್ತುವ ಮುಂಚೆ ಒಂದು ರಾತ್ರಿ ಶೇ. 0.05ರ ಜಿಬ್ಬರೆಲಿಕ್ ಆಸಿಡ್ಡಿನಲ್ಲಿ ನೆನೆಸೋದು ನರ್ಸರಿಗಳಲ್ಲಿ ಮಾಮೂಲಿ. ಬೀಜದಿಂದ ಸುಲಭಕ್ಕೆ ಏಳದ ಕಾಡಿನ ಔಷಧಿ ಗಿಡಗಳನ್ನು ಕಡ್ಡಿಯಿಂದ ಬೇರು ಬಿಡಿಸಲು ಆಕ್ಸಿನ್ ಬೇಕು, ಅಂಗಾಂಶ ಕೃಷಿಯಲ್ಲಿ ಸಾವಿರ ಮಾಡಲು ಸೈಟೊಕೈನಿನ್ ಬೇಕು. ನರ್ಸರಿಯಲ್ಲಿ ಸಾವಿರ ಸಸಿ ಎದ್ದರೆ ಕಾಡಿನಲ್ಲಿ ಬುಡಸಮೇತ ಕೀಳುವುದು ಅಷ್ಟರಮಟ್ಟಿಗೆ ಕಮ್ಮಿಯಾಗುತ್ತೆ.

ಈಗ ಮಾಮನ ಲೆಕ್ಕಕ್ಕೆ ಬರೋಣ. ಸುಮ್ಮನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಒಂದು ಎಕರೆಗೆ 200 ಕಿಲೋ ಒಣಬೇರು, ಅದರಲ್ಲಿ ವಿಥನೊಲೈಡ್ ಶೇ. 0.4. ಒಟ್ಟು ಮದ್ದು 800 ಗ್ರಾಂ. ಟಾನಿಕ್ ಹೊಡೆದು ಬೇರು 260 ಕಿಲೋ ಆಯ್ತು, ಆದರೆ ಅಂಶ ಶೇ. 0.3ಕ್ಕೆ ಇಳಿಯಿತು ಅನ್ನಿ. ಒಟ್ಟು 780 ಗ್ರಾಂ. ತೂಕ ಏರಿದೆ, ಮದ್ದು ಇದ್ದಲ್ಲೇ ಇದೆ. ಹಾಲಿಗೆ ನೀರು ಬೆರೆಸಿದ ಹಾಗೆ, ಬೆರೆಸಿದ್ದು ಮಾತ್ರ ಗಿಡವೇ. ತೂಕಕ್ಕೆ ದುಡ್ಡು ಕೊಡುವವನಿಗೆ ಮಾರಿದರೆ ಮಾಮ ಗೆದ್ದ. ಅಂಶಕ್ಕೆ ದುಡ್ಡು ಕೊಡುವವನಿಗೆ ಮಾರಿದರೆ ಸೋತ.

ತಮಾಷೆ ಅಂದ್ರೆ ಹಿರೇಮದ್ದಿನ ಮಾರುಕಟ್ಟೆಯಲ್ಲಿ ಎರಡೂ ಕಣ್ಣಿನವರಿದ್ದಾರೆ. ಮಂಡಿಯ ಹಳೇ ವ್ಯಾಪಾರಿಗಳು ನೋಡೋದು ರೂಪ: ಬೇರು ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ ಇರಬೇಕು, ಲಟಕ್ಕನೆ ಮುರಿಯಬೇಕು, ಒಳಗೆ ಬೆಳ್ಳಗಿರಬೇಕು. ಆ ಬಿಳುಪು ಪಿಷ್ಟ. ಸಾರ ತೆಗೆಯುವ ಕಂಪನಿಗಳು ನೋಡೋದು ಯಂತ್ರ ಕೊಡುವ ಅಂಕಿ. ಒಬ್ಬನಿಗೆ ಪಿಷ್ಟ ಬೇಕು, ಇನ್ನೊಬ್ಬನಿಗೆ ವಿಥನೊಲೈಡ್. ನಡುವೆ ರೈತನಿಗೆ ಈ ವರ್ಷ ತನ್ನ ಬೇರನ್ನು ಯಾವ ಕಣ್ಣಿಂದ ನೋಡ್ತಾರೆ ಅಂತಲೇ ಹೇಳಿರಲ್ಲ. ರೂಪ ಚೆನ್ನಾಗಿದ್ದರೆ 'ಅಂಶ ಕಮ್ಮಿ', ಅಂಶ ಚೆನ್ನಾಗಿದ್ದರೆ 'ಬೇರು ಸಣ್ಣ'. ಹೋದ ಸಲ ಮಾಮನಿಗೆ ಆಗಿದ್ದು ಇದೇ ಅಂತ ನನ್ನ ಅನುಮಾನ.

ಇದನ್ನೆಲ್ಲ ಮಾಮನಿಗೆ ನನಗೆ ತಿಳಿದ ಹಾಗೆ ಹೇಳಿದೆ. ಡೆಲ್ಲಾ, ಜಾಜ್ ಎಲ್ಲ ಬಿಟ್ಟು, ಮನೆ ಕಟ್ಟೋದು ಮತ್ತು ಕಾವಲುಗಾರ ಅಷ್ಟೇ ಹೇಳಿದೆ. ಪಟ್ಟಿಯಲ್ಲಿ ಹಿರೇಮದ್ದು ಇಲ್ಲ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಬಡ ಹೊಲದ ಬೇರಿಗೆ ಕಸುವು ಜಾಸ್ತಿ ಅಂತ ನಮ್ಮಪ್ಪ ಅಂತಿದ್ದ. ನೀನು ಹೇಳೋದೂ ಅದೇ ಆಯ್ತಲ್ಲೋ." ಹೌದು ಅನ್ನದೆ ಬೇರೆ ದಾರಿಯಿರಲಿಲ್ಲ. ಒಣಹವೆ, ನೀರಿನ ಕೊರತೆ ಇಂಥ ಕಷ್ಟಗಳಿಗೆ ಸಿಕ್ಕ ಗಿಡ ಇಂಥ ರಸಗಳನ್ನು ಹೆಚ್ಚು ಮಾಡೋದು ಎಷ್ಟೋ ಜಾತಿಗಳಲ್ಲಿ ಕಂಡಿದೆ.

ಆಮೇಲೆ ಮಾಮನೇ ಒಂದು ಐಡಿಯಾ ಹೇಳಿದ. "ಹತ್ತು ಸಾಲು ಹೊಡೀತೀನಿ. ಪಕ್ಕದ ಹತ್ತು ಸಾಲು ಹಂಗೇ ಬಿಡ್ತೀನಿ. ಹೊಡೆದದ್ದನ್ನ ಮಾರೋದು ಬ್ಯಾಡ. ನೋಡೇಬಿಡಾನ." ನಮ್ಮ ಆಫೀಸಿನಲ್ಲಿ ಒಂದು ಬಟನ್ ಹಸಿರಿರಬೇಕೋ ನೀಲಿಯಿರಬೇಕೋ ಅಂತ ಎ/ಬಿ ಟೆಸ್ಟಿಂಗ್ ಮಾಡಲು ಮೂರು ಮೀಟಿಂಗ್ ಬೇಕು. ಮಾಮ ಒಂದು ನಿಮಿಷದಲ್ಲಿ ಮುಗಿಸಿದ. ಎರಡೂ ಕಡೆಯ ಬೇರನ್ನು ಬೇರೆ ಬೇರೆ ಪರೀಕ್ಷೆಗೆ ಕಳಿಸುವ ಖರ್ಚು ನನ್ನದು ಅಂತ ಒಪ್ಪಂದ ಆಯ್ತು.

ಈ ವರ್ಷ ಮಾರ್ಚಿನಲ್ಲಿ ಬೇರು ಕಿತ್ತಾಗ ನಾನೂ ಹೋಗಿದ್ದೆ. ಹೊಡೆದ ಸಾಲಿನ ಗಿಡಗಳು ಗೇಣುದ್ದ ಎತ್ತರ ಇದ್ದವು, ಎಲೆ ಸ್ವಲ್ಪ ತೆಳು ಹಸಿರು. ಅಂಗಡಿಯವನು ನೋಡಿದ್ದರೆ ಫೋಟೋ ತೆಗೆದು ಬಾಟಲಿಗೆ ಅಂಟಿಸುತ್ತಿದ್ದ. ಆದರೆ ಒಣಗಿಸಿ ತೂಗಿದಾಗ ಎರಡು ಕಡೆಯ ಬೇರಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಬೆಳೆದದ್ದೆಲ್ಲ ಮೇಲೆ, ಕಾಂಡಕ್ಕೆ. ಪರೀಕ್ಷೆಯ ವರದಿಯಲ್ಲಿ ಹೊಡೆದ ಬೇರಿನ ಅಂಶ ಸ್ವಲ್ಪ ಕೆಳಗಿತ್ತು. ಹತ್ತು ಸಾಲಿನ ಕಥೆ ವಿಜ್ಞಾನ ಅಲ್ಲ, ಅದು ಮಾಮನಿಗೂ ಗೊತ್ತು ನನಗೂ ಗೊತ್ತು. ಒಂದು ಕಡೆ ಮಣ್ಣು ಸ್ವಲ್ಪ ಬೇರೆ ಇದ್ದರೂ ಸಾಕು ಅಷ್ಟು ವ್ಯತ್ಯಾಸ ಬರಲು. ಆದರೆ ಬಾಟಲಿಗೆ ದುಡ್ಡು ಸುರಿಯಬೇಕಾ ಬೇಡವಾ ಅಂತ ತೀರ್ಮಾನ ಮಾಡಲು ಮಾಮನಿಗೆ ಅಷ್ಟು ಸಾಕಾಯ್ತು.

ನಿಜವಾದ ಲಾಭ ಬೇರೆ ಕಡೆಯಿಂದ ಬಂತು. ಏಜೆಂಟ್ ಬಂದು ಚೀಲದೊಳಗೆ ಕೈ ಹಾಕಿ, ಬೇರು ಮುರಿದು, ಮತ್ತದೇ ರಾಗ ತೆಗೆದ, 'ಅಂಶ ಕಮ್ಮಿ ಇದ್ದಂಗೈತೆ ಗೌಡ್ರೆ'. ಮಾಮ ಜೇಬಿನಿಂದ ಹೊಡೆಯದ ಸಾಲಿನ ವರದಿ ತೆಗೆದು ಮಡಿಕೆ ಬಿಚ್ಚಿ ಮುಂದಿಟ್ಟ. "ನಂದು ಇಷ್ಟೈತೆ. ನಿಂದು ತೋರ್ಸು." ಏಜೆಂಟ್ ಆ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದ. ಯಾರಿಗೋ ಫೋನ್ ಮಾಡಿದ. ಆಮೇಲೆ ಮೊದಲು ಮಾತಾಡಿದ್ದ ರೇಟಿಗೆ ಚೀಲ ಎತ್ತಿದ. ಪಕ್ಕದ ಹೊಲದವರು ಈಗ ಆ ಹಾಳೆಯ ಜೆರಾಕ್ಸ್ ಕೇಳ್ತಿದ್ದಾರಂತೆ. "ಅದು ನನ್ನ ಬೇರಿನ ವರದಿ ಕಣ್ರಯ್ಯಾ, ನಿಮ್ಮ ಬೇರು ನೀವು ಕಳ್ಸಿ" ಅಂತ ಹೇಳಿ ಹೇಳಿ ಸಾಕಾಗಿದೆ ಅವನಿಗೆ :)

ಇನ್ನೊಂದು ಸಣ್ಣ ವಿಷಯ, ಗೊತ್ತಿದ್ದರೆ ಒಳ್ಳೆಯದು ಅಂತ ಬರೀತಿದ್ದೇನೆ. ಜಿಬ್ಬರೆಲಿಕ್ ಆಸಿಡ್ಡಿನಂಥ ಬೆಳವಣಿಗೆ ನಿಯಂತ್ರಕಗಳು ನೋಂದಣಿ ಆಗಿರೋದು 1968ರ ಕೀಟನಾಶಕ ಕಾಯ್ದೆಯಡಿಯಲ್ಲಿ, ಬೆಳೆಯ ಹೆಸರು ಹೇಳಿ. ಪಾಚಿ ರಸ, ಹ್ಯೂಮಿಕ್ ಆಸಿಡ್ ತರಹದ ಬಯೋ ಸ್ಟಿಮ್ಯುಲೆಂಟುಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದರು. ಅಂಗಡಿಯಲ್ಲಿ ಎಲ್ಲದಕ್ಕೂ ಟಾನಿಕ್ ಅಂದರೂ ಕಾಗದದ ಮೇಲೆ ಅವು ಬೇರೆ ಬೇರೆ. ಬಾಟಲಿಯಲ್ಲಿ ಏನಿದೆ, ಎಷ್ಟಿದೆ, ಯಾವ ಬೆಳೆಗೆ ಅಂತ ಮೂರು ಸಾಲು ಓದಲು ಮನೆಯಲ್ಲಿ ಓದಿದವರು ಯಾರಾದರೂ ಇದ್ದೇ ಇರ್ತಾರೆ. ನಾವು ಬೆಂಗಳೂರಿನಲ್ಲಿ ಕೂತು ಅಷ್ಟಾದರೂ ಮಾಡಬಹುದು. ಫೋಟೋ ತರಿಸಿಕೊಂಡು ದೊಡ್ಡದು ಮಾಡಿ ನೋಡಲು ಇಂಜಿನಿಯರಿಂಗ್ ಡಿಗ್ರಿಯೂ ಬೇಕಿಲ್ಲ.

ಮುಂದಿನ ಹಂಗಾಮಿಗೆ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ಅಶ್ವಗಂಧ ತಳಿಯ ಬೀಜ ಸಿಗುತ್ತಾ ವಿಚಾರಿಸು ಅಂತ ಮಾಮ ಆಗಲೇ ನನಗೆ ಕೆಲಸ ಹಚ್ಚಿದ್ದಾನೆ. ನಿಮ್ಮಲ್ಲಿ ಯಾರಾದರೂ ಅದನ್ನು ಒಣಭೂಮಿಯಲ್ಲಿ ಹಾಕಿ ನೋಡಿದ್ದೀರಾ? ಅಥವಾ ನಿಮ್ಮ ಮನೆಯವರು ಮಾಕಳಿ ಬೇರು, ಒಂದೆಲಗ, ಶತಾವರಿ ಬೆಳೆದು ಮಾರ್ತಾರಾ? ಅವರಿಗೆ ದುಡ್ಡು ಸಿಗೋದು ತೂಕಕ್ಕೋ ಅಂಶಕ್ಕೋ ಅಂತ ಕೇಳಿ ದಯವಿಟ್ಟು ತಿಳಿಸಿ. ಮಾಮನಿಗೆ ಓದಿ ಹೇಳ್ತೀನಿ.